ಅಮೆರಿಕದ ಅಧ್ಯಕ್ಷ ಚೆಸ್ಟರ್ ಆರ್ಥರ್ ನಿಜಕ್ಕೂ ಲೆಕ್ಕಕ್ಕಿಲ್ಲದವರಾ?

ಖಂಡಿತ ಅಲ್ಲ. ಅಮೆರಿಕದಲ್ಲಿ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಕೆಲಸ ಹಿಡಿಯುವ ಪದ್ಧತಿ ಗಟ್ಟಿಯಾಗಿ ನಿಂತಿದ್ದು 1883ರ ಜನವರಿಯಲ್ಲಿ ಅವರು ಸಹಿ ಹಾಕಿದ ಪೆಂಡಲ್ಟನ್ ಕಾಯ್ದೆಯಿಂದ.

ಅಲ್ಲಿಯವರೆಗೆ ಗೆದ್ದ ಪಕ್ಷ ತನ್ನವರಿಗೇ ಕೆಲಸ ಹಂಚುತ್ತಿತ್ತು. ಕೆಲಸ ಸಿಕ್ಕವರು ಸಂಬಳದಲ್ಲಿ ಒಂದು ಪಾಲನ್ನು ಪಕ್ಷಕ್ಕೆ ಕೊಡಬೇಕಿತ್ತು. ತಮಾಷೆ ಅಂದ್ರೆ ಆರ್ಥರ್ ಪಳಗಿದ್ದೇ ಈ ಗರಡಿಯಲ್ಲಿ! ನ್ಯೂಯಾರ್ಕ್ ಬಂದರಿನ ಸುಂಕದ ಕಚೇರಿಯ ಮುಖ್ಯಸ್ಥರಾಗಿದ್ದ ಅವರನ್ನು 1878ರಲ್ಲಿ ಅಧ್ಯಕ್ಷ ಹೇಸ್ ಕಿತ್ತುಹಾಕಿದ್ದರು. 1881ರಲ್ಲಿ, ಕೆಲಸ ಸಿಗದ ಸಿಟ್ಟಿಗೆ ಒಬ್ಬಾತ ಆಗಿನ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹೊಡೆದು ಕೊಂದ. ಉಪಾಧ್ಯಕ್ಷರಾಗಿದ್ದ ಆರ್ಥರ್ ಆ ಕುರ್ಚಿಗೆ ಬಂದರು.

ಕಾಯ್ದೆಯೊಳಗೆ ಮೊದಲು ಬಂದಿದ್ದು ನೂರಕ್ಕೆ ಸುಮಾರು 10 ಹುದ್ದೆಗಳಷ್ಟೇ. ಆದರೆ ಪಟ್ಟಿ ಬೆಳೆಸುವ ಅಧಿಕಾರ ಅಧ್ಯಕ್ಷರಿಗಿತ್ತು. ಇಳಿದು ಹೋಗುವ ಅಧ್ಯಕ್ಷರು, ತಮ್ಮ ಕಡೆಯವರನ್ನು ಮುಂದೆ ಬರುವವರು ಓಡಿಸದಿರಲಿ ಅಂತ ಇನ್ನಷ್ಟು ಹುದ್ದೆ ಸೇರಿಸುತ್ತಾ ಹೋದರು. ಜಾಣತನ ಇದ್ದದ್ದೇ ಅಲ್ಲಿ, ಅಲ್ವಾ?

ಚೀನೀ ಕೂಲಿಗಾರರ ವಲಸೆಗೆ 10 ವರ್ಷ ತಡೆ ಹಾಕಿದ 1882ರ ಕಾಯ್ದೆಗೂ ಸಹಿ ಅವರದೇ. ಅದು ಕಪ್ಪುಚುಕ್ಕೆ.

ಮತ್ತೆ ಜನ ಮರೆತದ್ದು ಯಾಕೆ? 1886ರಲ್ಲಿ ಸಾಯುವ ಮುಂಚೆ ತಮ್ಮ ಕಾಗದಪತ್ರಗಳಲ್ಲಿ ಹೆಚ್ಚಿನವನ್ನು ಅವರೇ ಸುಡಿಸಿಬಿಟ್ಟಿದ್ದರು.