ಪಟ್ಟಿಯಲ್ಲಿ ಹೆಸರಿಲ್ಲ, ಆಧಾರ್ ತೋರಿಸಿದರೆ ವೋಟು ಹಾಕಬಹುದಾ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ಅಣ್ಣ, ಅತ್ತಿಗೆ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುತ್ತಾರೆ. ವೋಟು ಹಾಕೋಕೆ ಊರಿಗೇ ಬರುತ್ತಾರೆ. ‘ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ, 49ಎ ಪ್ರಕಾರ ಚಾಲೆಂಜ್ ವೋಟ್ ಕೇಳಿ. ನಿಮ್ಮ ವೋಟು ಬೇರೆಯವರು ಹಾಕಿದ್ದರೆ ಟೆಂಡರ್ ವೋಟ್ ಹಾಕಿ. ಅದು ಶೇ 14 ದಾಟಿದರೆ ಮರುಮತದಾನ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಇದು ನಿಜವಾ? ಮತದಾನದ ದಿನ ಯಾವ ಸುದ್ದಿ ನಂಬಬೇಕು?

ಉತ್ತರ: ಈ ಮೆಸೇಜು ಹಳೇದು, ಚುನಾವಣೆ ಬಂದಾಗಲೆಲ್ಲ ಮತ್ತೆ ಓಡಾಡುತ್ತದೆ. ಅದರಲ್ಲಿ ಒಂದಿಷ್ಟು ನಿಜ ಸೇರಿದೆ, ಜನ ನಂಬುವುದು ಅದಕ್ಕೇ.

ಮೊದಲ ಮಾತು ಪೂರ್ತಿ ಸುಳ್ಳು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ಇರಲಿ, ವೋಟರ್ ಕಾರ್ಡೇ ಇರಲಿ, ವೋಟಿಲ್ಲ. 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ 49ಎ ಇರುವುದು ಮತಯಂತ್ರ ಹೇಗಿರಬೇಕು ಅಂತ ಹೇಳೋಕೆ! ಚಾಲೆಂಜ್ ಮಾಡುವುದು ಮತದಾರ ಅಲ್ಲ, ಪಕ್ಷದ ಏಜೆಂಟ್. ‘ಈ ಮನುಷ್ಯ ಅವನಲ್ಲ’ ಅಂತ 2 ರೂಪಾಯಿ ಕಟ್ಟಿ ತಕರಾರು ತೆಗೆಯುತ್ತಾನೆ. ಅದು ಸುಳ್ಳು ಅಂತಾದರೆ ನೀವು ವೋಟು ಹಾಕಬಹುದು.

ಟೆಂಡರ್ ವೋಟ್ ಮಾತ್ರ ನಿಜ, 49ಪಿ ನಿಯಮ. ನಿಮ್ಮ ಹೆಸರಲ್ಲಿ ಇನ್ಯಾರೋ ವೋಟು ಹಾಕಿ ಹೋಗಿದ್ದರೆ ಅಧಿಕಾರಿ ನಿಮಗೆ ಕಾಗದದ ಮತಪತ್ರ ಕೊಡಬೇಕು. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ, ಎಣಿಕೆ ದಿನ ಎಣಿಸುವುದಿಲ್ಲ. ಫಲಿತಾಂಶ ಕೋರ್ಟಿಗೆ ಹೋದರೆ ಲೆಕ್ಕಕ್ಕೆ ಬರಬಹುದು. ಆದರೂ ಕೇಳಿ ಹಾಕಿ ಬನ್ನಿ. ಕಳ್ಳವೋಟು ಬಿದ್ದಿದೆ ಅನ್ನುವುದಕ್ಕೆ ದಾಖಲೆ ಅಷ್ಟಾದರೂ ಇರಲಿ. ಶೇ 14ರ ನಿಯಮ ಎಲ್ಲೂ ಇಲ್ಲ. ಮರುಮತದಾನ ಬೇಕಾ ಬೇಡವಾ ಅಂತ ತೀರ್ಮಾನಿಸುವುದು ಚುನಾವಣಾ ಆಯೋಗ.

ಹಾಗಾಗಿ ಬಸ್ ಹತ್ತುವ ಮೊದಲೇ ಪಟ್ಟಿ ನೋಡಿಸಿ. ಚುನಾವಣಾ ಆಯೋಗದ ಆ್ಯಪ್, 1950 ನಂಬರು, ಇಲ್ಲವೇ ಊರಿನ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ). ಹೆಸರು ಬಿಟ್ಟುಹೋಗಿದ್ದರೆ ಫಾರಂ 6 ಬೇಗ ಕೊಡಬೇಕು, ನಾಮಪತ್ರದ ಕೊನೆಯ ದಿನ ಹತ್ತಿರ ಬಂದರೆ ಆಗುವುದಿಲ್ಲ. ತಾರೀಖೂ ನೋಡಿಕೊಳ್ಳಿ. 2024ರಲ್ಲಿ ಬೆಂಗಳೂರಿನಲ್ಲಿ ಏಪ್ರಿಲ್ 26ಕ್ಕೆ ಮತದಾನ, ನಿಮ್ಮ ರಾಯಚೂರು ಜಿಲ್ಲೆಯಲ್ಲಿ ಮೇ 7ಕ್ಕೆ. ಗುರುತಿಗೆ ವೋಟರ್ ಕಾರ್ಡ್ ಇಲ್ಲದಿದ್ದರೆ ಆಧಾರ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ನಡೆಯುತ್ತವೆ. ಮನೆಗೆ ಕೊಡುವ ಮತದಾರರ ಚೀಟಿ ಒಂದೇ ಸಾಲದು. ಆ ದಿನ ಕೂಲಿ ಕತ್ತರಿಸದೆ ರಜೆ ಕೊಡಬೇಕು ಅಂತ ಕಾನೂನಿದೆ, ದಿನಗೂಲಿಯವರಿಗೂ. ಮೇಸ್ತ್ರಿ ಕೊಡುತ್ತಾನಾ ಅನ್ನುವುದು ಬೇರೆ ಮಾತು.

ಇನ್ನು ಸುದ್ದಿ. ನಾನು ಮೊದಲು ನೋಡುವುದು ಒಂದೇ: ‘ಈಗಿನ ಟ್ರೆಂಡ್ ಪ್ರಕಾರ ಇಂಥವರು ಮುಂದೆ’ ಅಂತ ಮತದಾನದ ದಿನವೇ ಹೇಳುತ್ತಿದ್ದಾರಾ? ಹೇಳಿದರೆ ಆ ಚಾನೆಲ್ ಅವತ್ತಿಗೆ ಬಂದ್. ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಆಗುವವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸುವಂತಿಲ್ಲ. 2024ರಲ್ಲಿ ನಮ್ಮಲ್ಲಿ ಮೇ 7ಕ್ಕೇ ವೋಟು ಮುಗಿದರೂ ಅದಕ್ಕಾಗಿ ಜೂನ್ 1ರ ಸಂಜೆಯವರೆಗೆ ಕಾಯಬೇಕಾಯಿತು.

‘ಯಂತ್ರ ಕೆಟ್ಟಿದೆ, ಯಾವ ಬಟನ್ ಒತ್ತಿದರೂ ಒಬ್ಬರಿಗೇ ಹೋಗುತ್ತಿದೆ’ ಅನ್ನುವ ವಿಡಿಯೊ ಬಂದರೆ ಊರು, ಮತಗಟ್ಟೆ ನಂಬರು, ಹೊತ್ತು ಕೇಳಿ. ಮೂರೂ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ಹಳೆಯ ವಿಡಿಯೊಗಳು ಹೀಗೇ ತಿರುಗುತ್ತವೆ. ಯಂತ್ರಗಳು ನಿಜವಾಗಿ ಕೆಡುವುದೂ ಉಂಟು, ಆಗ ಬದಲಿಸುತ್ತಾರೆ. ನಿಮ್ಮ ವೋಟು ಯಾರಿಗೆ ಹೋಯಿತು ಅನ್ನುವುದು ಚೀಟಿ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಗಾಜಿನಲ್ಲಿ 7 ಸೆಕೆಂಡು ಕಾಣುತ್ತದೆ. ಅದನ್ನೇ ನೋಡಿ. ತಪ್ಪು ಕಂಡರೆ ಅಲ್ಲೇ ಅಧಿಕಾರಿಗೆ ಬರೆದುಕೊಟ್ಟು ಪರೀಕ್ಷಾ ಮತ ಕೇಳಬಹುದು. ಸುಮ್ನೆ ಹೇಳಿದ್ದು ಅಂತಾದರೆ ಕೇಸ್ ಬೀಳುತ್ತದೆ.

ಮಧ್ಯಾಹ್ನ ಹೇಳುವ ಮತದಾನದ ಶೇಕಡಾವಾರು ಅಂಕಿ ಅಂದಾಜು ಮಾತ್ರ. ಮತಗಟ್ಟೆಗಳ ಪೂರ್ತಿ ಲೆಕ್ಕ ಬಂದ ಮೇಲೆ ಏರುತ್ತದೆ, ಅದಕ್ಕೆಲ್ಲ ಗಾಬರಿ ಬೇಡ. ನಿಯಮದ ಬಗ್ಗೆ ಅನುಮಾನ ಬಂದರೆ ಆಯೋಗ 2024ರಲ್ಲಿ ಶುರು ಮಾಡಿದ ‘ಮಿಥ್ ವರ್ಸಸ್ ರಿಯಾಲಿಟಿ’ ಪುಟ ನೋಡಿ. ಸುದ್ದಿಗೆ ಆಕಾಶವಾಣಿಯ ಪ್ರದೇಶ ಸಮಾಚಾರ, ಮರುದಿನದ ಪತ್ರಿಕೆಯ ಜಿಲ್ಲಾ ಪುಟ ಸಾಕು. ತಡವಾಗುತ್ತದೆ, ಆದರೆ ವರದಿಗಾರ ಒಂದು ಫೋನಾದರೂ ಮಾಡಿ ವಿಚಾರಿಸಿರುತ್ತಾನೆ, ಅಲ್ವಾ?

ಸಂಜೆ ಹಬ್ಬುವ ಇನ್ನೊಂದು ಗಾಳಿಮಾತಿದೆ: ‘ಟೈಮ್ ಆಯ್ತು, ಗೇಟ್ ಹಾಕಿದರು’. ನಮ್ಮ ಕಡೆ ಬಿಸಿಲಿಗೆ ಹೆದರಿ ಜಾಸ್ತಿ ಜನ ಹೊರಡುವುದೇ ಸಂಜೆಗೆ. ಮುಗಿಯುವ ಹೊತ್ತಿಗೆ, 2024ರಲ್ಲಿ ಸಂಜೆ 6 ಗಂಟೆ ಇತ್ತು, ಸಾಲಿನಲ್ಲಿ ನಿಂತಿದ್ದರೆ ಸಾಕು. ಸಾಲಿನ ಕೊನೆಯವರಿಂದ ಶುರು ಮಾಡಿ ಎಲ್ಲರಿಗೂ ಚೀಟಿ ಕೊಡುತ್ತಾರೆ. ಚೀಟಿ ಇದ್ದವರು ಎಷ್ಟೇ ಹೊತ್ತಾದರೂ ವೋಟು ಹಾಕಬಹುದು. ಅಣ್ಣನ ಬಸ್ ತಡವಾದರೆ ಇದನ್ನು ಹೇಳಿ.