ಅವತ್ತು ಶಾಲೆಗೆ ರಜೆ ಕೊಟ್ಟಿದ್ದು ನಿಜವಾ?

ಚಿಕ್ಕವರಿದ್ದಾಗ ಯಾರೋ ಹೆಸರುವಾಸಿಯಾದವರು ತೀರಿಕೊಂಡ ಸುದ್ದಿ ಕೇಳಿದ ನೆನಪಿದೆಯಾ, ಅದರ ಬಗ್ಗೆ ಏನಾದರೂ ಕೇಳೋದಿದೆಯಾ, ಬರೆಯಿರಿ ಅಂದಿದ್ದೆವು. ಬಂದ ಕಾಗದಗಳಲ್ಲಿ ಸತ್ತವರ ವಿಷಯ ಕಡಿಮೆ. ಅಪ್ಪ ಆಫೀಸಿನಿಂದ ಬೇಗ ಬಂದರು, ಅಮ್ಮ ಒಲೆ ಹಚ್ಚಲಿಲ್ಲ, ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಇಂಥದ್ದೇ ಜಾಸ್ತಿ. ಸಹಜ ತಾನೇ. ಎಂಟು ವರ್ಷದ ಮಗುವಿಗೆ ಪ್ರಧಾನಿ ಯಾರೋ ಏನೋ, ಅಪ್ಪ ಅಮ್ಮನ ಮುಖ ಮಾತ್ರ ಚೆನ್ನಾಗಿ ಗೊತ್ತು.

*1991ರಲ್ಲಿ ನಾನು ಮೂರನೇ ಕ್ಲಾಸು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಹೆಡ್‌ಮಾಸ್ಟರು ರಾಜೀವ್ ಗಾಂಧಿ ತೀರಿಕೊಂಡರು ಅಂತ ಹೇಳಿ ರಜೆ ಕೊಟ್ಟರು. ಮನೆಗೆ ಓಡಿ ಬಂದರೆ ಅಜ್ಜಿ ಜಗಲಿಯಲ್ಲಿ ಮಾವಿನ ಹಣ್ಣು ಹೆಚ್ಚುತ್ತಾ ರೇಡಿಯೊ ಕೇಳುತ್ತಿದ್ದರು. ನನ್ನ ಅಣ್ಣ ‘ಅವತ್ತು ಶಾಲೆಯೇ ಇರಲಿಲ್ಲ’ ಅಂತ ಇವತ್ತಿಗೂ ಜಗಳಕ್ಕೆ ಬರುತ್ತಾನೆ. ಯಾರು ಸರಿ?*
— ಓದುಗರು, ಶಿರಸಿ

ಅಣ್ಣ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತಿರುವುದು ನಿಮ್ಮದೇ ಮಾವಿನ ಹಣ್ಣು. ರಾಜೀವ್ ಗಾಂಧಿಯವರ ಹತ್ಯೆ ಆಗಿದ್ದು 1991ರ ಮೇ 21ರ ರಾತ್ರಿ, ಹತ್ತು ಗಂಟೆ ದಾಟಿದ ಮೇಲೆ, ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ. ನಮ್ಮ ಹೆಚ್ಚಿನ ಊರುಗಳಿಗೆ ಸುದ್ದಿ ತಲುಪಿದ್ದು ಮರುದಿನ ಬೆಳಿಗ್ಗೆ. ಮೇ 22 ಅಂದರೆ ನಮ್ಮ ಕಡೆ ಬೇಸಿಗೆ ರಜೆ. ಏಪ್ರಿಲ್ ಹತ್ತಕ್ಕೆ ಪಾಸೋ ಫೇಲೋ ಕೇಳಿಕೊಂಡು ಅಜ್ಜಿ ಮನೆಗೆ ಹೋದ ಮಕ್ಕಳಿಗೆ ಮೇ ತಿಂಗಳಲ್ಲಿ ರಜೆ ಕೊಡಲು ಹೆಡ್‌ಮಾಸ್ಟರು ಎಲ್ಲಿಂದ ಬರಬೇಕು?

ನಿಮ್ಮಂಥ ಕಾಗದಗಳು ಬೇರೆಯೂ ಇವೆ. ನೆಹರೂ ತೀರಿಕೊಂಡಾಗ ಬೆಲ್ ಹೊಡೆದು ಮನೆಗೆ ಕಳಿಸಿದರು ಅಂತ ಹಿರಿಯರೊಬ್ಬರು ಬರೆದಿದ್ದಾರೆ. ಅದು 1964ರ ಮೇ 27, ಅದೂ ಮಾವಿನ ಕಾಲವೇ! ಶಾಸ್ತ್ರಿಯವರು ತೀರಿಕೊಂಡಾಗ ರಜೆ ಕೊಟ್ಟರು ಅಂದವರ ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ಅವರು ತಾಷ್ಕೆಂಟಿನಲ್ಲಿ ಸತ್ತಿದ್ದು 1966ರ ಜನವರಿ 11ರ ನಸುಕಿನಲ್ಲಿ. ಸುದ್ದಿ ಇಲ್ಲಿಗೆ ಬರುವ ಹೊತ್ತಿಗೆ ಮಕ್ಕಳು ಪಾಟಿಚೀಲ ಹೆಗಲಿಗೆ ಹಾಕಿಕೊಂಡಿರುತ್ತಿದ್ದರು.

ಹಾಗಾದರೆ ನಿಮ್ಮ ಹೆಡ್‌ಮಾಸ್ಟರು ಸುಳ್ಳಾ? ಪೂರ್ತಿ ಸುಳ್ಳು ಅನ್ನಲಾರೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಸಾಲಾಗಿ ನಿಲ್ಲಿಸಿ ಮೌನ ಆಚರಿಸಿರಬಹುದು. ಇಲ್ಲವೇ 1994ರ ನವೆಂಬರ್ 11ಕ್ಕೆ ಕುವೆಂಪು ತೀರಿಕೊಂಡಾಗಿನ ರಜೆ ಹಿಂದಕ್ಕೆ ಜಾರಿ ಇಲ್ಲಿ ಕೂತಿರಬಹುದು. ಆಗ ನೀವು ಆರೋ ಏಳೋ ಕ್ಲಾಸು ಇರಬೇಕು ಅಲ್ವಾ?

ಇದು ದೊಡ್ಡ ದೊಡ್ಡವರಿಗೂ ಆಗಿದೆ. ಅಮೆರಿಕದಲ್ಲಿ ಉಲ್ರಿಕ್ ನೈಸರ್ ಅಂತ ಮನಶ್ಶಾಸ್ತ್ರಜ್ಞರಿದ್ದರು, ನೆನಪಿನ ಬಗ್ಗೆಯೇ ಕೆಲಸ ಮಾಡಿದವರು. 1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದ ಸುದ್ದಿ ಬಂದಾಗ ತಾನು ರೇಡಿಯೊದಲ್ಲಿ ಬೇಸ್‌ಬಾಲ್ ಆಟದ ಕಾಮೆಂಟರಿ ಕೇಳುತ್ತಿದ್ದೆ, ಅದನ್ನು ನಿಲ್ಲಿಸಿ ಸುದ್ದಿ ಹೇಳಿದರು ಅಂತ ಅವರು ಎಷ್ಟೋ ವರ್ಷ ನಂಬಿದ್ದರು. ಒಂದು ದಿನ ತಟ್ಟನೆ ಹೊಳೆಯಿತು. ಡಿಸೆಂಬರ್‌ನಲ್ಲಿ ಅಲ್ಲಿ ಬೇಸ್‌ಬಾಲ್ ಆಡುವುದೇ ಇಲ್ಲ. ತಮಾಷೆ ಇಲ್ಲಿಗೆ ಮುಗಿಯಲಿಲ್ಲ. ಅವತ್ತು ರೇಡಿಯೊದಲ್ಲಿ ಬರುತ್ತಿದ್ದುದು ಅಮೆರಿಕನ್ ಫುಟ್‌ಬಾಲ್ ಪಂದ್ಯ ಇರಬೇಕು, ಆ ಎರಡು ತಂಡಗಳಿಗೂ ನ್ಯೂಯಾರ್ಕಿನ ಬೇಸ್‌ಬಾಲ್ ತಂಡಗಳದೇ ಹೆಸರು ಅಂತ ಆಮೇಲೆ ಬೇರೆಯವರು ಹುಡುಕಿ ತೆಗೆದರು. ಅಂದರೆ ರೇಡಿಯೊ ನಿಜ, ಆಟ ನಿಜ, ಯಾವ ಆಟ ಅನ್ನೋದು ಮಾತ್ರ ಅದಲು ಬದಲು. ನಿಮ್ಮದೂ ಹಾಗೆ. ಅಜ್ಜಿ, ರೇಡಿಯೊ, ಹಣ್ಣು ನಿಮ್ಮ ಪಾಲಿಗೆ ಇರಲಿ, ರಜೆಯನ್ನು ಅಣ್ಣನಿಗೆ ಬಿಟ್ಟುಕೊಡಿ.

*ನನಗೆ ಖುಷಿಯಾಗಿತ್ತು. ರಜೆ ಸಿಕ್ಕಿತಲ್ಲ ಅಂತ ಕುಣಿದಿದ್ದೆ, ಅಪ್ಪ ಬೆನ್ನಿಗೆ ಒಂದು ಕೊಟ್ಟರು. ಈಗ ನೆನೆದರೆ ನಾಚಿಕೆ.*
— ಓದುಗರು, ಚಿಂತಾಮಣಿ

ಕುಣಿಯದ ಮಕ್ಕಳಿದ್ದರೆ ತೋರಿಸಿ. ನಾಚಿಕೆ ಬಿಡಿ.

*ನನ್ನ ಕಷ್ಟ ಬೇರೆ. ಜಯಪ್ರಕಾಶ್ ನಾರಾಯಣ್ ಸತ್ತ ಸುದ್ದಿ ಕೇಳಿದಾಗ ನಮಗೆ ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಅಪ್ಪ ರೇಡಿಯೊ ಮುಂದೆ ಎದ್ದು ನಿಂತುಬಿಟ್ಟಿದ್ದರು. ಆದರೆ ಎಲ್ಲ ಕಡೆ ಅವರು ಸತ್ತಿದ್ದು ಅಕ್ಟೋಬರ್ ಅಂತಲೇ ಇದೆ. ಮಕ್ಕಳು ‘ನಿಮಗೆ ಮರೆವು’ ಅಂತ ನಗುತ್ತಾರೆ.*
— ಓದುಗರು, ಹೊಸಪೇಟೆ

ಈ ಕಾಗದ ಓದಿ ನನಗೆ ಬಹಳ ಸಂತೋಷವಾಯಿತು. ಮಕ್ಕಳನ್ನು ಕರೆದು ಕೂರಿಸಿ, ನಿಮ್ಮ ನೆನಪು ಅಪ್ಪಟ. 1979ರ ಮಾರ್ಚ್ 22ರಂದು, ಜೆಪಿ ಮುಂಬೈಯ ಜಸ್‌ಲೋಕ್ ಆಸ್ಪತ್ರೆಯಲ್ಲಿ ಕಾಯಿಲೆಯಿಂದ ಮಲಗಿದ್ದಾಗ, ಅವರು ತೀರಿಕೊಂಡರು ಅಂತ ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲೇ ಹೇಳಿಬಿಟ್ಟರು. ಸದಸ್ಯರು ಶ್ರದ್ಧಾಂಜಲಿ ಹೇಳಿದರು, ಸಭೆಯನ್ನು ಮುಂದೂಡಿದರು, ಆಕಾಶವಾಣಿ ದೇಶಕ್ಕೆಲ್ಲ ಸುದ್ದಿ ಕೊಟ್ಟಿತು. ಆ ಹೊತ್ತಿಗೆ ಜೆಪಿ ಹಾಸಿಗೆಯಲ್ಲಿ ಉಸಿರಾಡಿಕೊಂಡು ಇದ್ದರು. ಆಮೇಲೆ ತಿದ್ದುಪಡಿ ಬಂತು. ಅವರು ನಿಜವಾಗಿ ತೀರಿಕೊಂಡಿದ್ದು ಅದೇ ವರ್ಷ ಅಕ್ಟೋಬರ್ 8ಕ್ಕೆ, ಪಟ್ನಾದಲ್ಲಿ. ಪರೀಕ್ಷೆ ಹತ್ತಿರ ಇತ್ತು ಅಂದಿರಲ್ಲ, ಮಾರ್ಚ್ ಕೊನೆಗೆ ಅದು ಸರಿಯಾಗಿ ಕೂರುತ್ತದೆ. ನಿಮ್ಮ ಅಪ್ಪ ಎದ್ದು ನಿಂತಿದ್ದು, ಪಾಪ, ಬದುಕಿದ್ದವರಿಗೆ.

*ಇಂದಿರಾ ಗಾಂಧಿಯವರನ್ನು ಕೊಂದ ದಿನ ನಮ್ಮ ಪಕ್ಕದ ಮನೆಯವರು ಮಧ್ಯಾಹ್ನವೇ ‘ಹೋಗಿಬಿಟ್ರಂತೆ’ ಅಂದರು. ಆದರೆ ನಮ್ಮ ರೇಡಿಯೊದಲ್ಲಿ ಸಂಜೆಯವರೆಗೂ ಹೇಳಲೇ ಇಲ್ಲ. ಸುಮ್ನೆ ವಾದ್ಯ ಬಾರಿಸುತ್ತಿದ್ದರು. ಅವರಿಗೆ ಹೇಗೆ ಗೊತ್ತಾಯಿತು?*
— ಓದುಗರು, ಕೊಪ್ಪಳ

ಪಕ್ಕದ ಮನೆಯಲ್ಲಿ ಬಿಬಿಸಿ ಹಾಕುತ್ತಿದ್ದರೇನೋ, ನೆನಪು ಮಾಡಿಕೊಳ್ಳಿ. 1984ರ ಅಕ್ಟೋಬರ್ 31, ಬುಧವಾರ. ದಿಲ್ಲಿಯಲ್ಲಿ ಅವರ ಮನೆಯ ಅಂಗಳದಲ್ಲೇ, ಬೆಳಿಗ್ಗೆ ಒಂಬತ್ತೂಕಾಲು ದಾಟಿದ ಮೇಲೆ, ಅವರ ಕಾವಲಿನವರೇ ಗುಂಡು ಹಾರಿಸಿದರು. ಬಿಬಿಸಿ ಹಗಲಲ್ಲೇ ಸಾವಿನ ಸುದ್ದಿ ಹೇಳಿತ್ತು. ಆಕಾಶವಾಣಿ ಅಧಿಕೃತವಾಗಿ ಹೇಳಿದ್ದು ಸಂಜೆ. ಮಗ ರಾಜೀವ್ ಅವತ್ತು ಬಂಗಾಳದ ಪ್ರವಾಸದಲ್ಲಿದ್ದರು, ಅವರೂ ದಾರಿಯಲ್ಲಿ ಬಿಬಿಸಿ ಕೇಳುತ್ತಿದ್ದರು. ನಡುವೆ ಪೇಪರಿನವರು ವಿಶೇಷ ಸಂಚಿಕೆ ಅಚ್ಚು ಹಾಕಿ ಮಾರಿದರು. ಹಾಗಾಗಿ ಒಂದೇ ಬೀದಿಯಲ್ಲಿ ಒಂದು ಮನೆಗೆ ಅವರು ಸತ್ತಿದ್ದರು, ಪಕ್ಕದ ಮನೆಗೆ ಇನ್ನೂ ಬದುಕಿದ್ದರು.

ಆ ವಾದ್ಯದ ಬಗ್ಗೆ ತುಂಬ ಜನ ಬರೆದಿದ್ದಾರೆ. ರಾಷ್ಟ್ರೀಯ ಶೋಕ ಅಂದರೆ ಬಾವುಟ ಅರ್ಧಕ್ಕೆ, ಮನರಂಜನೆ ಬಂದ್. ರೇಡಿಯೊದಲ್ಲಿ ಚಿತ್ರಗೀತೆ, ನಾಟಕ ಎಲ್ಲ ನಿಂತು ಬರೀ ಶಹನಾಯಿ, ಸಾರಂಗಿ, ವೀಣೆ, ಇಲ್ಲವೇ ಭಜನೆ. ಇಂದಿರಾ ತೀರಿಕೊಂಡಾಗ ಈ ಶೋಕ ಹನ್ನೆರಡು ದಿನ ನಡೆಯಿತು. ಆ ಕಾಲದ ಮಕ್ಕಳಿಗೆ ಅದೊಂದು ಗುರುತೇ ಆಗಿಹೋಗಿತ್ತು, ಬೆಳಿಗ್ಗೆ ಎದ್ದಾಗ ಹಾಡಿನ ಬದಲು ಸಾರಂಗಿ ಕೇಳಿದರೆ ‘ಅಮ್ಮಾ, ಯಾರು ಸತ್ತರು?’ ಅಂತ ಹಾಸಿಗೆಯಿಂದಲೇ ಕೇಳುತ್ತಿದ್ದರು. ಒಳ್ಳೆ ಸಾರಂಗಿ ಕಛೇರಿಗೆ ಹೋದರೂ ಹೊಟ್ಟೆಯಲ್ಲಿ ಏನೋ ಆಗುತ್ತದೆ ಅಂತ ಧಾರವಾಡದ ಒಬ್ಬರು ಬರೆದಿದ್ದಾರೆ. ಆ ವಾದ್ಯಕ್ಕೆ ನಮ್ಮ ರೇಡಿಯೊ ಮಾಡಿದ ಅನ್ಯಾಯ ಅದು, ನಿಜವಾಗಲೂ.

ಇನ್ನೊಂದು ವಿಷಯ. ಆ ನವೆಂಬರ್ 3ರ ಅಂತ್ಯಸಂಸ್ಕಾರವನ್ನು ದೂರದರ್ಶನ ನೇರವಾಗಿ ತೋರಿಸಿತು. ಊರಿಗೆ ಒಂದೋ ಎರಡೋ ಟಿವಿ ಇದ್ದ ಕಾಲ. ಡಾಕ್ಟರ ಮನೆಯ ಕಿಟಕಿಗೆ ಜೋತುಬಿದ್ದು ನೋಡಿದೆವು, ಜೀವನದಲ್ಲಿ ಮೊದಲ ಸಲ ಟಿವಿ ನೋಡಿದ್ದು ಆ ಚಿತೆಯನ್ನೇ ಅಂತ ಬರೆದವರಿದ್ದಾರೆ. ಅದೇ ದಿನಗಳಲ್ಲಿ ದಿಲ್ಲಿಯಲ್ಲಿ ಸಾವಿರಾರು ಸಿಖ್ಖರನ್ನು ಕೊಂದರು. ಅದನ್ನು ಯಾವ ಮಗುವೂ ಆ ಕಿಟಕಿಯಲ್ಲಿ ನೋಡಲಿಲ್ಲ. ದೊಡ್ಡವರಾದ ಮೇಲೆ ಓದಿ ತಿಳಿದುಕೊಳ್ಳಬೇಕಾಯಿತು.

*ಶಂಕರ್ ನಾಗ್ ಹೋದಾಗ ನನಗೆ ಆರು ವರ್ಷ. ಅಮ್ಮ ಅಡುಗೆ ಮನೆಯಲ್ಲಿ ಗೋಡೆಗೆ ಒರಗಿ ಅತ್ತಿದ್ದರು. ತಾತ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಒಂದು ಸಲವೂ ನೋಡಿರದ ಮನುಷ್ಯನಿಗೆ ಯಾಕೆ ಅಷ್ಟು ಅಳು?*
— ಓದುಗರು, ರಾಣೆಬೆನ್ನೂರು

ಅಮ್ಮ ಇದ್ದರೆ ಅವರನ್ನೇ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗೆ ತೋಚಿದ್ದು ಇಷ್ಟು. 1990ರ ಸೆಪ್ಟೆಂಬರ್ 30, ಭಾನುವಾರ, ದಸರಾ ಆಗಷ್ಟೇ ಮುಗಿದಿತ್ತು. ಲೋಕಾಪುರಕ್ಕೆ ಶೂಟಿಂಗಿಗೆ ಹೊರಟ ಕಾರು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತವಾಯಿತು. ನಿಮ್ಮೂರಿಂದ ಅದೇನು ದೂರ? ಆ ಹೈವೇಯಲ್ಲಿ ಓಡಾಡುವ ಬಸ್ಸು, ಲಾರಿಯವರ ಬಾಯಲ್ಲೇ ಸುದ್ದಿ ನಿಮ್ಮ ಕಡೆ ಬಂದಿರಬೇಕು, ಪೇಪರಿಗಿಂತ ಮೊದಲು. ಅವರಿಗೆ ವಯಸ್ಸು 35. ಮೂರ್ನಾಲ್ಕು ವರ್ಷದ ಹಿಂದಷ್ಟೇ ಆಗುಂಬೆಯಲ್ಲಿ ತೆಗೆದ ಮಾಲ್ಗುಡಿ ಡೇಸ್ ಟಿವಿಯಲ್ಲಿ ಬಂದಿತ್ತು. ಲೆಕ್ಕ ಹಾಕಿ, ಆಗ ನಿಮ್ಮ ಅಮ್ಮನಿಗೆ ಎಷ್ಟು ವಯಸ್ಸು? ಹೆಚ್ಚು ಕಮ್ಮಿ ಅದೇ ಅಲ್ವಾ? ತಾತನ ಸಾವು ವಯಸ್ಸಾದವರ ಸಾವು, ಮನೆಯಲ್ಲಿ ಕಾಯಿಲೆ, ಓಡಾಟ ಎಲ್ಲ ಮೊದಲೇ ನಡೆದಿರುತ್ತದೆ. ಇದು ತನ್ನ ವಾರಿಗೆಯವನ ಸಾವು. ಕಾರಿನಲ್ಲಿ ಹೆಂಡತಿ, ಪುಟ್ಟ ಮಗಳು ಬೇರೆ ಇದ್ದರು, ಅವರು ಉಳಿದರು. ಆ ಮಗಳ ವಯಸ್ಸಿನ ನೀವು ಅಡುಗೆ ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಿ. ಅಳು ಬರದೇ ಇರುತ್ತದಾ?

1990 ಆದಮೇಲೆ ಹುಟ್ಟಿದ ಆಟೊ ಹುಡುಗರೂ ಗಾಡಿ ಹಿಂದೆ ಅವರ ಚಿತ್ರ ಅಂಟಿಸಿಕೊಂಡು ಓಡಾಡುತ್ತಾರೆ. ಅವರು ಆಟೊ ಡ್ರೈವರ್ ಆಗಿ ನಟಿಸಿದ ಆಟೊ ರಾಜ ಸಿನಿಮಾ ಬಂದಿದ್ದು 1980ರಲ್ಲಿ.

*2006ರಲ್ಲಿ ನಾನು ಬೆಂಗಳೂರಿನಲ್ಲಿ ನಾಲ್ಕನೇ ಕ್ಲಾಸು. ಡಾ. ರಾಜ್ ತೀರಿಕೊಂಡ ದಿನ ಅಪ್ಪ ರಾತ್ರಿ ಎಷ್ಟೋ ಹೊತ್ತಿಗೆ ನಡೆದುಕೊಂಡು ಮನೆಗೆ ಬಂದರು, ಅಂಗಿ ಹರಿದಿತ್ತು. ನನಗೆ ಅವತ್ತಿನ ನೆನಪು ಅಂದರೆ ಭಯ ಒಂದೇ. ಹಾಗಂದರೆ ಮನೆಯಲ್ಲಿ ‘ಅಣ್ಣಾವ್ರ ವಿಷಯದಲ್ಲಿ ಹಾಗೆಲ್ಲ ಮಾತಾಡಬೇಡ’ ಅಂತಾರೆ.*
— ಓದುಗರು, ಬೆಂಗಳೂರು

ಮಾತಾಡಿ. ಅಣ್ಣಾವ್ರ ಬಗ್ಗೆ ನೀವೇನೂ ಕೆಟ್ಟದ್ದು ಹೇಳುತ್ತಿಲ್ಲ, ಅವರ ಹೆಸರಿನಲ್ಲಿ ಬೀದಿಗೆ ಇಳಿದವರ ಬಗ್ಗೆ ಹೇಳುತ್ತಿದ್ದೀರಿ. ಏಪ್ರಿಲ್ 12, ಬುಧವಾರ ಮಧ್ಯಾಹ್ನ ಅವರು ತೀರಿಕೊಂಡರು. ಸುದ್ದಿ ಹರಡುತ್ತಿದ್ದ ಹಾಗೆ ಅಂಗಡಿಗಳ ಬಾಗಿಲು ಬಿತ್ತು, ಬಸ್ಸು ನಿಂತವು, ಕಲ್ಲು, ಬೆಂಕಿ ಶುರುವಾಯಿತು. ಮರುದಿನ ಕಂಠೀರವ ಸ್ಟುಡಿಯೊದಲ್ಲಿ ಸಮಾಧಿ ಆಗುವ ಹೊತ್ತಿಗೂ ಗಲಾಟೆ, ಲಾಠಿ, ಗುಂಡು. ಪೊಲೀಸ್ ಪೇದೆಯೊಬ್ಬರೂ ಸೇರಿ ಹಲವರು ಜೀವ ಕಳೆದುಕೊಂಡರು. ಆ ಮನುಷ್ಯ ಅಭಿಮಾನಿಗಳನ್ನೇ ದೇವರು ಅಂದವರು, ಸತ್ತ ಮೇಲೂ ಕಣ್ಣು ದಾನ ಕೊಟ್ಟು ಹೋದವರು. ಅವರಿಗಾಗಿ ಬಸ್ಸು ಸುಟ್ಟಿದ್ದನ್ನು ನಾನಂತೂ ಅಭಿಮಾನ ಅನ್ನಲ್ಲ. ನಿಮ್ಮ ಅಪ್ಪನ ಹರಿದ ಅಂಗಿಯೂ ಆ ದಿನದ್ದೇ ಕತೆ. ಅದನ್ನು ಬಿಟ್ಟು ಹೇಳಿದರೆ ಅರ್ಧ ಹೇಳಿದ ಹಾಗೆ.

2021ರಲ್ಲಿ ಮಗ ಪುನೀತ್ ಹೋದಾಗ ಎಲ್ಲರಿಗೂ ಮೊದಲು ನೆನಪಾಗಿದ್ದು ಇದೇ. ಕಂಠೀರವ ಕ್ರೀಡಾಂಗಣದಲ್ಲಿ ಜನರಿಗೆ ದರ್ಶನಕ್ಕೆ ಬಿಟ್ಟು, ಅಕ್ಟೋಬರ್ 31ರ ಬೆಳಗಿನ ಜಾವ ಕಂಠೀರವ ಸ್ಟುಡಿಯೊದಲ್ಲಿ ಸಮಾಧಿ ಮಾಡಿದರು. ಜನ ಸಾಲಿನಲ್ಲಿ ನಿಂತು ಅತ್ತು ಮನೆಗೆ ಹೋದರು.

*ಅಪ್ಪು ಸತ್ತಾಗ ನನ್ನ ಮಗನಿಗೆ ಐದು ವರ್ಷ. ದಿನವಿಡೀ ಟಿವಿ ಹಾಕಿಕೊಂಡು ಕೂತಿದ್ದೆವು. ಆಮೇಲೆ ತುಂಬ ದಿನ ಅಪ್ಪ ಜಿಮ್‌ಗೆ ಹೊರಟರೆ ಕಾಲು ಹಿಡಿದು ಅಳುತ್ತಿದ್ದ. ಈಗಲೂ ಅಪ್ಪ ತಡವಾದರೆ ಒದ್ದಾಡುತ್ತಾನೆ. ಏನು ಮಾಡಲಿ?*
— ಓದುಗರು, ಹಾಸನ

ಅವನು ಹೆದರಿದ್ದರಲ್ಲಿ ವಿಚಿತ್ರ ಏನೂ ಇಲ್ಲ. 46 ವರ್ಷ, ನೋಡಲು ಗಟ್ಟಿಮುಟ್ಟು, ಬೆಳಿಗ್ಗೆ ವ್ಯಾಯಾಮ ಮಾಡಿದವರು ಮಧ್ಯಾಹ್ನಕ್ಕೆ ಇಲ್ಲ. ಆ ವಾರ ದೊಡ್ಡವರೇ ಎದೆ ಹಿಡಿದುಕೊಂಡು ಇಸಿಜಿ ಮಾಡಿಸಲು ಆಸ್ಪತ್ರೆಗಳ ಮುಂದೆ ಸಾಲು ನಿಂತಿದ್ದರು. ಮಗು ಅಪ್ಪನ ಕಾಲು ಹಿಡಿದುಕೊಂಡಿತು, ಅಷ್ಟೇ ವ್ಯತ್ಯಾಸ.

ಟಿವಿ ವಿಷಯಕ್ಕೆ ಬಂದರೆ, ಒಂದೇ ದೃಶ್ಯವನ್ನು ಇಪ್ಪತ್ತು ಸಲ ತೋರಿಸಿದರೆ ನಮಗೆ ಅದು ಹಳೇ ಸುದ್ದಿ. ಸಣ್ಣ ಮಗುವಿಗೆ ಇಪ್ಪತ್ತು ಸಲವೂ ಹೊಸದಾಗಿ ನಡೆದ ಹಾಗೆ ಕಾಣಬಹುದು. ಮುಂದೆ ಇಂಥ ದಿನ ಬಂದರೆ ಒಂದು ಸಲ ಸುದ್ದಿ ಕೇಳಿ ಆರಿಸಿಬಿಡಿ. ‘ಮಲಗಿದ್ದಾರೆ’, ‘ದೇವರ ಊರಿಗೆ ಹೋದರು’ ಅಂತ ಹೇಳಲೇಬೇಡಿ. ಮಲಗೋದಕ್ಕೂ ಊರಿಗೆ ಹೋಗೋದಕ್ಕೂ ಹೆದರುವ ಮಕ್ಕಳು ಆಮೇಲೆ ಅದರಿಂದ ಹೊರಗೆ ಬರಲು ಕಷ್ಟಪಡುತ್ತಾರೆ. ಸತ್ತರು, ಹೃದಯ ನಿಂತಿತು, ಇನ್ನು ವಾಪಸ್ ಬರಲ್ಲ, ಇಷ್ಟು ಹೇಳಿ. ಅವನು ಕೇಳಿದಷ್ಟಕ್ಕೇ ಉತ್ತರ ಕೊಡಿ.

ಈಗ ಅವನು ದೊಡ್ಡವನಾಗುತ್ತಿದ್ದಾನೆ, ನೇರವಾಗಿ ಕೇಳಬಹುದು, ಅವತ್ತಿನದು ನಿನಗೆ ಏನು ನೆನಪಿದೆ ಅಂತ. ಟಿವಿಗಿಂತ ನಿಮ್ಮಿಬ್ಬರ ಮುಖವೇ ಅವನಿಗೆ ನೆನಪಿರಬಹುದು, ಹೇಳಲಿ, ತಿದ್ದಲು ಹೋಗಬೇಡಿ. ಅಪ್ಪು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅನ್ನೋದನ್ನೂ ಹೇಳಿ, ಮಕ್ಕಳಿಗೆ ಇಂಥ ವಿಷಯದಲ್ಲಿ ಭಾರಿ ಕುತೂಹಲ, ಅದು ಹೇಗೆ ಸಾಧ್ಯ ಅಂತ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾನೆ. ಇರುವುದು ಎರಡೇ ಕಣ್ಣು, ನಾಲ್ಕು ಜನಕ್ಕೆ ಹೇಗೆ ಅಂದರೆ, ಕಾರ್ನಿಯಾ ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಒಂದೊಂದನ್ನೂ ಎರಡು ಪದರ ಮಾಡಿ ಇಬ್ಬಿಬ್ಬರಿಗೆ ಹಾಕಿದರು ಅಂತ ಉತ್ತರ. ಅಪ್ಪ ತಡವಾಗುವ ದಿನ ಒಂದು ಫೋನ್ ಮಾಡಲಿ, ಅವನ ಹತ್ತಿರವೇ ಮಾತಾಡಲಿ. ಅಷ್ಟಾದರೂ ಒದ್ದಾಟ ಕಮ್ಮಿಯಾಗದೆ ನಿದ್ದೆ, ಊಟ, ಶಾಲೆಗೆ ತೊಂದರೆಯಾಗುತ್ತಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ.