ಲಕ್ಷಕ್ಕೊಬ್ಬರ ಕಾಯಿಲೆಗೆ ದುಡ್ಡು ಯಾಕೆ?

ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಗಾರರೊಬ್ಬರ ಪತ್ರ: "ಅಪರೂಪದ ಕ್ಯಾನ್ಸರ್‌ಗೆ ಹೊಸ ಚಿಕಿತ್ಸೆ ಹುಡುಕುವ ಡಾಕ್ಟರುಗಳಿಗೆ ಸರ್ಕಾರ ಹಣ ಕೊಡಬೇಕು ಎಂದು ಬರೆದಿದ್ದೀರಿ. ಹಳ್ಳಿಗಳಲ್ಲಿ ಸ್ಕ್ಯಾನಿಂಗಿಗೇ ಗತಿಯಿಲ್ಲ. ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಯನ್ನು ಔಷಧ ಕಂಪನಿಗಳೇ ನೋಡಿಕೊಳ್ಳಲಿ."

ಸಂಪಾದಕರ ಉತ್ತರ: ಸ್ಕ್ಯಾನಿಂಗ್ ಬೇಕು ಸ್ವಾಮಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪನಿಗಳು ಯಾಕೆ ನೋಡಿಕೊಳ್ಳುತ್ತವೆ? ಗಿರಾಕಿಯೇ ಕಡಿಮೆ ಇರುವ ಔಷಧದಲ್ಲಿ ಅವರಿಗೇನು ಗಿಟ್ಟುತ್ತದೆ?

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೆಲಸ ನೋಡಿ. ಎಪಿಎಲ್ ಅಂತ ರಕ್ತದ ಕ್ಯಾನ್ಸರ್‌ನಲ್ಲೇ ಅಪರೂಪದ ಒಂದು ಬಗೆಯಿದೆ. ರಕ್ತಸ್ರಾವವಾಗಿ ಕೆಲವೇ ದಿನಗಳಲ್ಲಿ ಜೀವ ಹೋಗಬಹುದು. ಅಲ್ಲಿನ ಡಾಕ್ಟರುಗಳು ದುಬಾರಿ ಕಿಮೋ ಬಿಟ್ಟು, ಆರ್ಸೆನಿಕ್ ಟ್ರೈಆಕ್ಸೈಡ್ ಒಂದನ್ನೇ ಕೊಟ್ಟು ನೋಡಿದರು. ಹೌದು, ನಾವು ಪಾಷಾಣ ಅನ್ನುವುದನ್ನೇ. ನೂರಕ್ಕೆ 86 ಜನರಲ್ಲಿ ಕಾಯಿಲೆ ಹತೋಟಿಗೆ ಬಂತು. ಈ ಅಧ್ಯಯನದಲ್ಲಿ ಇದ್ದದ್ದು 72 ರೋಗಿಗಳು. ಅಷ್ಟು ಜನ ಸೇರಲು 1998ರಿಂದ 2004ರವರೆಗೆ ಏಳು ವರ್ಷ ಬೇಕಾಯಿತು!

ಆ ಏಳು ವರ್ಷ ಅಂದರೆ ಏನು, ಸ್ವಲ್ಪ ಯೋಚಿಸಿ. ಮನೆಗೆ ಹೋದ ರೋಗಿಯನ್ನು ತಪ್ಪದೆ ಮತ್ತೆ ಕರೆಸಬೇಕು. ವಿಳಾಸ ಬದಲಾದರೆ ಹುಡುಕಬೇಕು. ಮಜ್ಜೆಯ ಸ್ಯಾಂಪಲ್ಲು ಫ್ರೀಜರಿನಲ್ಲಿ ಕೆಡದಂತಿರಬೇಕು, ಕರೆಂಟು ಹೋದರೂ. ಪ್ರತಿ ಭೇಟಿಯ ಲೆಕ್ಕ ಬರೆಯುವ ಒಬ್ಬ ಗುಮಾಸ್ತ ಬೇಕು. ಇದಕ್ಕೆಲ್ಲ ಸಂಬಳ ಯಾರು ಕೊಡಬೇಕು? ಹಳೇ ಕಾಲದ ಅಗ್ಗದ ಪಾಷಾಣದ ಮೇಲೆ ಯಾವ ಕಂಪನಿಯೂ ಸುಮ್ನೆ ದುಡ್ಡು ಸುರಿಯುವುದಿಲ್ಲ.

ಲಕ್ಷಕ್ಕೊಬ್ಬರು ಅಂತೀರಲ್ಲ, ಆ ಒಬ್ಬರಿಂದ ಕಲಿತದ್ದು ಎಲ್ಲರಿಗೂ ಬರುತ್ತದೆ. ಬಸಿರಿನ ಮಾಸಿನಿಂದ ಹುಟ್ಟುವ ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಬಹಳ ಅಪರೂಪ. 1956ರಲ್ಲಿ ಅಮೆರಿಕದಲ್ಲಿ ಡಾ. ಮಿನ್ ಚಿಯು ಲಿ ಅದಕ್ಕೆ ಮೆಥೊಟ್ರೆಕ್ಸೇಟ್ ಕೊಟ್ಟರು. ಆ ಔಷಧದ ಹಿಂದೆ ನಮ್ಮ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಇತ್ತು. ಗಡ್ಡೆ ಕರಗಿದ ಮೇಲೂ ಆ ಕ್ಯಾನ್ಸರ್‌ನಿಂದ ಬರುವ ಹಾರ್ಮೋನು ಪೂರ್ತಿ ಇಳಿಯುವ ತನಕ ಔಷಧ ನಿಲ್ಲಿಸುವುದಿಲ್ಲ ಎಂದು ಲಿ ಪಟ್ಟು ಹಿಡಿದರು. ಕೆಲಸ ಹೋಯಿತು. ಹಾಗೆ ಔಷಧ ಪಡೆದ ಹೆಂಗಸರು ಬದುಕಿದರು. ಗಡ್ಡೆ ಕಣ್ಣಿಗೆ ಕಾಣದಿದ್ದರೂ ಔಷಧ ಮುಂದುವರಿಸುವುದು ಇವತ್ತು ಎಷ್ಟೋ ಕ್ಯಾನ್ಸರ್‌ಗಳಲ್ಲಿ ಮಾಮೂಲಿ.

ನೀವು ಬೆಳೆಗಾರರು, ನಿಮಗೆ ಇದು ಗೊತ್ತಿಲ್ಲದ್ದಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಎಲೆ ತುಕ್ಕು ರೋಗಕ್ಕೆ ಜಗ್ಗದ ಕಾಫಿ ತಳಿ ಬರಲಿ ಎಂದು ಸರ್ಕಾರದ ಸಂಬಳದ ಮೇಲೆ ಜನ ವರ್ಷಗಟ್ಟಲೆ ಗಿಡ ನೋಡುತ್ತ ಕೂತರು. ತೋಟಗಳಿಗೆ 795 ಅನ್ನುವ ತಳಿ ಬಂದದ್ದು ಹಾಗೆ. ಗಿಡಕ್ಕೆ ತೋರಿಸಿದ ತಾಳ್ಮೆ ಮನುಷ್ಯರಿಗೆ ಯಾಕಿಲ್ಲ, ಹೇಳಿ?

ನಮ್ಮಲ್ಲಿ ಕಟ್ಟಡಕ್ಕೆ ದುಡ್ಡು ಬೇಗ ಹುಟ್ಟುತ್ತದೆ. ದಾನಿಗಳ ಹೆಸರು ಕಲ್ಲಿನ ಮೇಲೆ ಕೆತ್ತಿಸಬಹುದಲ್ವಾ! ಡಾಕ್ಟರಿಗೆ ವಾರದಲ್ಲಿ ಎರಡು ದಿನ ಓಪಿಡಿ ಬಿಡಿಸಿ ಸಂಶೋಧನೆಗೆ ಸಮಯ ಕೊಡಿ ಅಂದರೆ ಯಾರೂ ಕಿವಿಗೊಡುವುದಿಲ್ಲ. 2023ರಲ್ಲಿ ಸಂಶೋಧನೆಗೆಂದೇ ಕೇಂದ್ರ ಕಾನೂನು ತಂದಿತು. ಐದು ವರ್ಷಕ್ಕೆ 50,000 ಕೋಟಿ ಎಂದರು. ಅದರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕಂತೆ. ಲಾಭ ನೋಡುವವರು ಅಪರೂಪದ ಕ್ಯಾನ್ಸರ್ ಕಡೆ ತಿರುಗಿಯಾದರೂ ನೋಡುತ್ತಾರಾ?

ನಿಮ್ಮ ಶಾಸಕರ ಹತ್ತಿರ ಸ್ಕ್ಯಾನಿಂಗ್ ಮೆಷಿನ್ ಖಂಡಿತ ಕೇಳಿ. ಅದೇ ಅರ್ಜಿಯಲ್ಲಿ ಜಿಲ್ಲೆಯ ಪ್ರತಿ ಕ್ಯಾನ್ಸರ್ ರೋಗಿಯ ಲೆಕ್ಕ ಇಡುವ ಒಂದು ಹುದ್ದೆಯನ್ನೂ ಕೇಳಿ. ಅರ್ಜಿಯ ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.